ಐರ್ಲೆಂಡಿನ ಪಾಠ, ಅಕ್ಕನ ನಾಮಪತ್ರ

ಬಳ್ಳಾರಿಯಲ್ಲಿ ನಾನು ಎಂ.ಎ. ಓದುವ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಆ ವಾರ ಐರ್ಲೆಂಡಿನ ಪಾಠ ನಡೆದಿತ್ತು. ಅಲ್ಲಿ ಮೂರು ಕಡೆಯ ಜಗ್ಗಾಟ. ಕಡಲಾಚೆ ಕೂತ ರಾಜ ಒಂದು ಕಡೆ, ಭೂಮಿಯನ್ನೆಲ್ಲ ಹಿಡಿದ ಸರದಾರರು ಒಂದು ಕಡೆ, ನಮಗೂ ಮಾತಿರಲಿ ಎನ್ನುವ ಜನ ಇನ್ನೊಂದು ಕಡೆ. ಸರದಾರರಿಗೆ ರಾಜನ ಮೇಲೂ ಮುನಿಸೇ. ಆದರೆ ಜನದ ಭಯ ಅದಕ್ಕಿಂತ ದೊಡ್ಡದು. ಕಡೆಗೆ ರಾಜನ ಕಡೆಯವರು ಕೊಟ್ಟ ಬಿರುದು, ಪದವಿ ತೆಗೆದುಕೊಂಡು ತಮ್ಮದೇ ಸಂಸತ್ತನ್ನು ಮುಚ್ಚಲು ಒಪ್ಪಿದರು.

"ತಮ್ಮ ಮನಿಗೆ ತಾವ ಬೀಗ ಹಾಕಿದ್ರೇನ್ರಿ ಸರ?" ಎಂದಳೊಬ್ಬ ಹುಡುಗಿ.

"ಹೂಂನವಾ. ಕೀಲಿನೂ ರಾಜನ ಕೈಯಾಗ ಕೊಟ್ರು," ಎಂದೆ. ಮಕ್ಕಳು ನಕ್ಕರು.

ಹೊರಗೆ ಬಂದರೆ ಅಕ್ಕನ ಫೋನು. ಅವಳನ್ನು ಸಿರುಗುಪ್ಪದ ಹತ್ತಿರದ ಊರಿಗೆ ಕೊಟ್ಟಿದೆ. ಈ ಸಲ ಅವರ ಓಣಿಯ ಪಂಚಾಯಿತಿ ಸೀಟು ಹೆಂಗಸರಿಗೆ ಬಂದಿತ್ತು. ಗೌಡರ ಸೊಸೆಯ ಎದುರು ನಾಮಪತ್ರ ಹಾಕಿದವಳು ಅಕ್ಕ ಒಬ್ಬಳೇ. ನಳ ಬರದಿದ್ದರೂ, ಹೆರಿಗೆ ನೋವು ಎದ್ದರೂ ಓಣಿಯವರು ಮೊದಲು ಅವಳನ್ನೇ ಕರೆಯುತ್ತಿದ್ದರು.

"ಸಂಜಿಗೆ ದೈವದವರು ಕರ್ದಾರ. ನಮ್ಮ ಕಡಿ ಓದಿದಾವ ಒಬ್ಬ ಇರ್ಲಿ, ಬಾ," ಎಂದಳು.

ದೈವದವರೆಂದರೆ ಊರ ಹಿರಿಯರು. ಗೌಡರಿಗೂ ಅವರಿಗೂ ಕಾಲುವೆ ನೀರಿನ ಸಲುವಾಗಿ ಮಾತೇ ನಿಂತಿತ್ತು. ಆದರೂ ಆ ಸಂಜೆ ಎರಡೂ ಕಡೆಯವರು ಗುಡಿಯ ಕಟ್ಟೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹೆಂಗಸರು ಕಟ್ಟೆ ಏರುವಂತಿಲ್ಲ. ಅಕ್ಕ ಕೆಳಗೆ ಬೇವಿನ ಮರದ ಹತ್ತಿರ ನಿಂತಳು. ಅವಳ ಗಂಡ, ನಮ್ಮ ಮಾಮ, ಮೇಲೆ ಕೂತ.

"ಓಟು ಅಂದ್ರ ಊರು ಎರಡಾಗತೈತಿ ನೋಡಪ," ಎಂದರು ಎಲ್ಲರಿಗಿಂತ ಹಿರಿಯರು, ಮಾಮನ ಕಡೆ ತಿರುಗಿ. "ನಿನ್ನ ಹೇಣ್ತಿ ನಾಮಪತ್ರ ಹಿಂದ ತಗೀಲಿ, ಅವಿರೋಧ ಮಾಡಿ ಬಿಡೋಣು. ನಿನ್ನ ಗುಡಿ ಕಮಿಟ್ಯಾಗ ತಗೋತೀವಿ."

"ಓಟು ಆಗ್ಲಿ ಬಿಡ್ರಿ. ಎಲೆಕ್ಷನ್ ಇರೋದ ಅದಕ್ಕ ಅಲ್ಲೇನ್ರಿ?" ಎಂದೆ.

"ಮಾಸ್ತರ, ನೀವು ಬೀಗರು. ಚಾ ಕುಡೀರಿ."

ನಾನು ಚಹಾ ಕುಡಿದೆ. ಅಷ್ಟರಲ್ಲಿ ಹಿರಿಯರು ಎಲೆ ಅಡಿಕೆ ಹಿಡಿದು ಮಾಮನ ಕಡೆ ಕೈ ಚಾಚಿದರು. ಆ ಕಟ್ಟೆಯ ಮೇಲೆ ಎಲೆ ಹಿಡಿದರೆ ಮಾತು ಒಪ್ಪಿದಂತೆ. ಇದು ಮಾಮನಿಗೂ ಗೊತ್ತು. ಆದರೆ ಹಿರಿಯರ ಕೈಯ ಎಲೆಯನ್ನು ಹುಟ್ಟಿದಾಗಿನಿಂದ ಒಲ್ಲೆ ಎಂದವನಲ್ಲ. ಎದ್ದು ನಿಂತು, ತಲೆ ಬಾಗಿಸಿ, ಎರಡೂ ಕೈ ಒಡ್ಡಿಬಿಟ್ಟ. ಹಿಡಿದ ಮೇಲೆ ಕೈ ನೋಡಿಕೊಂಡ. ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

"ಹಿರೇರು ಕೊಟ್ರು. ಹೆಂಗ ಬ್ಯಾಡ ಅನ್ಲಿ?" ಎಂದ ಕೆಳಗಿಳಿದು.

ಅಕ್ಕ ಮನೆಗೆ ಹೋಗಿ ರೊಟ್ಟಿ ಬಡಿದಳು. ನಾವು ಉಂಡೆವು.

ಮರುದಿನ ಪಂಚಾಯಿತಿ ಆಫೀಸಿಗೆ ನಾನೂ ಹೋದೆ. ಅವಳು ನಾಮಪತ್ರ ಹಿಂತೆಗೆದು ಸಹಿ ಹಾಕಿದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಗೋಡೆಯ ಮೇಲಿನ ಫ್ಯಾನು ನೋಡುತ್ತ ನಿಂತೆ. ಗೌಡರ ಕಡೆಯವರು ಪೇಡೆ ಹಂಚಿದರು. ನನಗೂ ಒಂದು ಬಂತು, ತಿಂದೆ. ಸಿಹಿ ಇತ್ತೋ ಇಲ್ಲವೋ ನೆನಪಿಲ್ಲ.

ಬಸ್ಸಿಗೆ ಕಾಯುವಾಗ ಅಕ್ಕ ಹೇಳಿದಳು.

"ಗೆಲ್ತಿದ್ದಿಲ್ಲ, ಅದು ನನಗೂ ಗೊತ್ತೈತಿ. ಎಷ್ಟು ಮಂದಿ ನನ್ನ ಹೆಸರಿಗೆ ಮುದ್ರಿ ಒತ್ತತಾರ, ಅದೊಂದು ನೋಡಬೇಕಿತ್ತು."

"ಓಣಿಯಾಗಿನ ಮಂದಿ ಒತ್ತತಿದ್ರು."

"ಓಣಿ ಇರ್ಲಿ ತಮ್ಮಾ. ನಮ್ಮ ಮನ್ಯಾಗಿಂದ ಎಷ್ಟು ಓಟು ಬೀಳ್ತಿದ್ವು, ಅದೂ ತಿಳೀಲಿಲ್ಲ."

ಬಳ್ಳಾರಿ ಬಸ್ಸು ಬಂತು. ಹತ್ತಿ ಕೂತೆ. ಅವಳು ಸೆರಗು ತಲೆಗೆ ಎಳೆದುಕೊಂಡು ಮನೆಯ ಕಡೆ ನಡೆದಳು.