ಉಮಿ ಕರಿ, ಚಟ್ಲಿ ಸಿಪ್ಪೆ

ಕುಂದಾಪುರದಲ್ಲಿ ಡಿಗ್ರಿಯ ಕೊನೇ ವರ್ಷ ನಮಗೊಂದು ಪ್ರಾಜೆಕ್ಟ್ ಇತ್ತು. ಕಾರ್ಖಾನೆಯ ಕೊಳಚೆ ನೀರಿನಲ್ಲಿ ಸೇರುವ ಕ್ರೋಮಿಯಂ ಎಂಬ ವಿಷದ ಲೋಹವನ್ನು ಊರಲ್ಲೇ ಸಿಗುವ ಕಸದಿಂದ ತೆಗೆಯಬೇಕು. ಚೆನ್ನಾಗಿ ಮಾಡಿದ ಒಬ್ಬರಿಗೆ ಮಂಗಳೂರಿನ ಸೆಮಿನಾರಿನಲ್ಲಿ ಮಾತಾಡುವ ಅವಕಾಶ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಅದು ನನಗೇ ಬೇಕಿತ್ತು.

ಅಡ್ಡ ಇದ್ದವಳು ಬ್ರಹ್ಮಾವರದ ಅಕ್ಕಿ ಮಿಲ್ಲಿನವರ ಮಗಳು. ಅವಳದು ಉಮಿಯ ಕರಿ, ಅಂದರೆ ಭತ್ತದ ಹೊಟ್ಟು ಸುಟ್ಟ ಇದ್ದಿಲು. ಮಿಲ್ಲಿನ ಆಳು ಜರಡಿ ಹಿಡಿದು ಡಬ್ಬಿಗೆ ತುಂಬಿ ಕೊಡುತ್ತಿದ್ದ. ನನ್ನದು ಚಟ್ಲಿ ಸಿಪ್ಪೆ, ಅಂದರೆ ಸಿಗಡಿಯದು. ಅಮ್ಮ ಮೀನು ಮಾರುವವಳು. ಅವಳು ಸುಲಿದು ಬಿಟ್ಟ ಸಿಪ್ಪೆಯನ್ನು ಕಾಗೆ ಓಡಿಸುತ್ತಾ ಒಣಗಿಸಿ, ಕುಟ್ಟಿ ಪುಡಿಮಾಡಿ ತರುತ್ತಿದ್ದೆ.

"ಇಷ್ಟ್ ಓದ್ಸಿ, ಕಡೀಗೆ ನೀನೂ ಚಟ್ಲಿ ಸಿಪ್ಪಿಯೇ ಹೊರುದಾ?" ಅಂತ ಅಮ್ಮ ನಗುತ್ತಿದ್ದಳು.

ಬೈಂದೂರಿನಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ಲ್ಯಾಬಿಗೆ ಬಂದರೆ ಹುಡುಗರು, "ಹ್ವಾಯ್, ಇವತ್ತ್ ಸಾರಾ, ಸುಕ್ಕವಾ?" ಅವಳ ಡಬ್ಬಿಗೆ ವಾಸನೆಯೇ ಇರಲಿಲ್ಲ. ಮೊದಲು ಹೊಟ್ಟೆ ಉರಿದದ್ದೇ ಅದಕ್ಕೆ.

ಆಮೇಲೆ ನೀರಿಗೆ. ಕ್ರೋಮಿಯಂ ಬೆರೆಸಿದ ನೀರು ಹಳದಿ. ಲೋಹ ಕರಿಯ ಮೈಗೆ ಅಂಟಿಕೊಂಡು, ಸೋಸಿದರೆ ಅವಳ ಗ್ಲಾಸಿನಲ್ಲಿ ಬಾವಿ ನೀರು. ನನ್ನದು ಬೆಳಿಗ್ಗೆಯೂ ಹಳದಿ, ಸಂಜೆಯೂ ಹಳದಿ. ಅವಳ ಡಬ್ಬಿ ಒಮ್ಮೆ ಕೈಜಾರಬಾರದೇ ಎಂದು ದೇವರಿಗೂ ಹೇಳಿಕೊಂಡೆ.

ಸೆಮಿನಾರಿಗೆ ಆರಿಸುವ ವಾರ ಅವಳೇ ನನ್ನ ಮೇಜಿಗೆ ಬಂದಳು.

"ಸಿಪ್ಪಿಯಗೆ ಸುಣ್ಣ ಇತ್ತ್ ಮಾರಾಯ್ತಿ, ಅದೇ ಅಡ್ಡ ಬಪ್ಪುದ್. ಮೊದ್ಲ್ ಆಸಿಡ್ಡಗೆ ಸುಣ್ಣ ತೆಗಿ, ಮತ್ತೆ ಕಾಸ್ಟಿಕ್ ಸೋಡಾ ಹಾಕಿ ಬೇಯ್ಸ್. ನಾತವೂ ಹೋತ್ತ್."

"ನಿಂಗೆಂತಕ್ಕೆ ನನ್ನ ಉಸಾಬರಿ?"

"ದಿನಾ ನಿನ್ನ ಮೋರೆ ಕಂಡ್ ಬೇಜಾರ್ ಆಯ್ತ್," ಅಂದು ಹೋದಳು.

ಎರಡು ದಿನ ಹಟ ಹಿಡಿದೆ. ಮೂರನೇ ದಿನ ಹಾಗೇ ಮಾಡಿದೆ. ನನ್ನ ನೀರು ಅವಳದಕ್ಕಿಂತ ತಿಳಿಯಾಯಿತು. ಮಂಗಳೂರಿಗೆ ನಾನೇ ಹೋದೆ, ಅಮ್ಮನ ರೇಷ್ಮೆ ಸೀರೆ ಉಟ್ಟು. ಚಪ್ಪಾಳೆಯೂ ಬಿತ್ತು. ಹೊಟ್ಟೆಕಿಚ್ಚು ಮಾತ್ರ ಇಳಿಯಲಿಲ್ಲ, ಇನ್ನೊಂದು ಸುತ್ತು ಏರಿತು. ನನಗೆ ಗೊತ್ತಿದ್ದ ನಾಲ್ಕಕ್ಷರ ನನಗೇ ಸಾಲುತ್ತಿರಲಿಲ್ಲ. ಅವಳ ಹತ್ತಿರ ಎದುರಾಳಿಗೆ ಕೊಟ್ಟು ಮರೆಯುವಷ್ಟು ಮಿಗುತ್ತಿತ್ತಲ್ಲ!

ಈಗ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಉಡುಪಿಗೆ ಹೋಗುವಾಗ ಬ್ರಹ್ಮಾವರದಲ್ಲಿ ಅವಳ ಮನೆಯವರ ಮಿಲ್ಲಿನ ಕಡೆಯಿಂದ ಭತ್ತ ಬೇಯುವ ಪರಿಮಳ ಬರುತ್ತದೆ. ಬಸ್ಸಿನವರೆಲ್ಲ ಮೂಗು ಅರಳಿಸುತ್ತಾರೆ. ನಾನು ಕಿಟಕಿ ಹಾಕುತ್ತೇನೆ.