ಬ್ರಾಹ್ಮಿಯ ಐದನೆಯ ಪುಲ್‌ಅಪ್

ಮಿರಜ ಕಡೆಯ ಸಲಗರೆ ಊರಿನ ನೇಮಗೊಂಡ, ತಾಲೀಮಿನ ಅಂದರೆ ಗರಡಿಮನೆಯ ಮುಂದಿದ್ದ ಗುಂಡುಕಲ್ಲನ್ನು ಹೆಗಲಿಗೇರಿಸಿ, ಎಲ್ಲೂ ಕೆಳಗಿಡದೆ ಊರಬಾವಿಯ ತನಕ ನಡೆದವನು. ಅವನ ಸೊಸೆ ಮಾಣಿಕಬಾಯಿ, ಒಂದು ಎತ್ತು ಕಾಲು ಮುರಿದುಕೊಂಡು ಮಲಗಿದಾಗ, ಉಳಿದ ಎತ್ತಿನ ಜೊತೆ ತಾನೇ ನೊಗಕ್ಕೆ ಹೆಗಲು ಕೊಟ್ಟು, ಬಾವಿಯ ಕಪಿಲೆ ಎಳೆದು ಅರಿಶಿನದ ಹೊಲಕ್ಕೆ ನೀರು ಹಾಯಿಸಿದವಳು. ಇವರ ಹೊಲಕ್ಕೆ ನಮ್ಮ ಹೊಲ ಬದು ಹಚ್ಚಿದ್ದು; ಈ ಮನೆತನ ನನಗೆ ಚೆನ್ನಾಗಿ ಗೊತ್ತು. ಗಂಡು ಹೆಣ್ಣೆನ್ನದೆ ಎಲ್ಲರೂ ಭಾರ ಎತ್ತಿದವರೇ. ಓಡಿದವರು ಒಬ್ಬರೂ ಇಲ್ಲ.

ಮಾಣಿಕಬಾಯಿಯ ಮೊಮ್ಮಗಳು ಬ್ರಾಹ್ಮಿಗೆ ಈಗ ಇಪ್ಪತ್ತೈದು. ಮಿರಜದಲ್ಲಿ ಕಾಕಾ ಶ್ರೀಪಾಲನ ಮನೆಯಲ್ಲಿದ್ದು, ಒಂದು ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಅಥಣಿ ಕಡೆಯಿಂದ ಬಂದ ಮುದುಕರನ್ನು "ಅಜ್ಜಾ, ನನ್ನ ಕೊರಳಿಗೆ ಕೈ ಹಾಕ್ರಿ" ಎಂದು ಕೂಸಿನಂತೆ ಎತ್ತಿ ಮೇಜಿನ ಮೇಲೆ ಮಲಗಿಸುತ್ತಾಳೆ. ಅಂಥವಳು ಎರಡು ವರ್ಷದ ಹಿಂದೆ ಸಾಂಗ್ಲಿ ರಸ್ತೆಯ ಒಂದು ಜಿಮ್ಮಿಗೆ ಹೋದಳು. ತಗಡಿನ ಶೆಡ್ಡು, ಕಬ್ಬಿಣದ ಕಂಬಿ, ಮರಳು ಚೀಲ, ಟ್ರ್ಯಾಕ್ಟರಿನ ಟಾಯರು, ತೊಲೆಗೆ ಕಟ್ಟಿದ ಹಗ್ಗ. ಓಟ, ಜಿಗಿತ, ಭಾರ ಎಲ್ಲವನ್ನೂ ಒಂದರ ಬೆನ್ನಿಗೊಂದು, ನಡುವೆ ಪುರಸೊತ್ತಿಲ್ಲದೆ ಮಾಡಿಸುತ್ತಾರೆ. ಹಳೆಯ ತಾಲೀಮು ಕಂಡ ನನಗೆ ಹೊಸದೆನಿಸಲಿಲ್ಲ. ಗಡಿಯಾರ ಒಂದು ಹೆಚ್ಚು, ಅಷ್ಟೇ.

ಮೊದಲ ದಿನ ಎಂಬತ್ತು ಕಿಲೋದ ಕಂಬಿಯನ್ನು ಹುಲ್ಲಿನ ಹೊರೆಯಂತೆ ಎತ್ತಿದಳು. ಆಮೇಲೆ ಹನ್ನೆರಡು ನಿಮಿಷದ ಓಟ-ಜಿಗಿತಕ್ಕೆ ಬಿಟ್ಟರೆ ನಾಲ್ಕನೆಯ ನಿಮಿಷಕ್ಕೆ ನೆಲ ಹಿಡಿದಳು. ಕಲಿಸುವಾಕೆ ವೃಷಾಲಿ, ಲಿಂಗನೂರಿನ ಮಗಳು, ಹಿಂದೆ ಕಬಡ್ಡಿ ಆಡಿದವಳು.

"ಯಾಕವಾ, ಉಸರು ಸಲಗರ್ಯಾಗ ಬಿಟ್ಟು ಬಂದಿಯೇನ?" ಎಂದಳು.

"ಬಸ್ಸಿನ್ಯಾಗ ಜಾಗಾ ಇರಲಿಲ್ರಿ ಮ್ಯಾಡಮ್."

ಆರು ತಿಂಗಳು ವೃಷಾಲಿ ದೊಡ್ಡ ಭಾರ ಮುಟ್ಟಗೊಡಲಿಲ್ಲ. ಕೃಷ್ಣೆಯ ದಂಡೆಯಲ್ಲಿ ಮಾತಾಡುತ್ತ ಓಡುವಷ್ಟು ನಿಧಾನದ ಓಟ. ತಲೆಯ ಮೇಲಿನ ಅಡ್ಡಕಂಬಿಗೆ ಬರಿದೇ ಜೋತುಬೀಳುವುದು. ಪೆಟ್ಟಿಗೆಯ ಮೇಲೆ ನಿಂತು ಕಂಬಿ ಹಿಡಿದು, ಐದು ಎಣಿಸುತ್ತ ಮೆಲ್ಲಗೆ ಇಳಿಯುವುದು. ಇನ್ನೊಂದು ತೊಡಕಿತ್ತು. ಇವರು ಜೈನರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಸಂಜೆ ಕಸರತ್ತು ಮಾಡಿ ಹಸಿದು ಮಲಗಿ ಹುಡುಗಿ ಸೊರಗಿದಳು. ನೇಮ ಬಿಡು ಎಂದು ಜಿಮ್ಮಿನವರು, ಜಿಮ್ಮು ಬಿಡು ಎಂದು ಮನೆಯವರು. ಅವಳು ಎರಡನ್ನೂ ಬಿಡದೆ ನಸುಕಿನ ಐದಕ್ಕೆ ಹೋಗತೊಡಗಿದಳು. ಮನೆಗೆ ಬಂದು ರೊಟ್ಟಿ, ಕಾಳಿನ ಪಲ್ಯ, ಗಟ್ಟಿ ಮೊಸರು. ತೋಳು ತುಂಬಿದವು.

ಈ ಸಲ ಕೊಲ್ಹಾಪುರದಲ್ಲಿ ನಡೆಯುವ ಇಂಥದೇ ಕಸರತ್ತಿನ ಸ್ಪರ್ಧೆಗೆ ಹೋಗಲೇಬೇಕೆಂದು ಅವಳ ಹಟ. ಮೇಲಿನ ವಿಭಾಗಕ್ಕೆ ಹೆಸರು ಬರೆಯಲು ವೃಷಾಲಿಯದು ಒಂದೇ ಕರಾರು: ರಬ್ಬರ್ ಪಟ್ಟಿಯ ಆಸರೆಯಿಲ್ಲದೆ ಐದು ಪುಲ್‌ಅಪ್. ಅಂದರೆ ಜೋತುಬಿದ್ದ ಮೈಯನ್ನು ಗದ್ದ ಕಂಬಿ ದಾಟುವಂತೆ ಐದು ಸಲ ಎತ್ತಬೇಕು. ಅವಳಿಗೆ ಅದುವರೆಗೆ ನಾಲ್ಕೇ ಬರುತ್ತಿದ್ದವು. ಹೆಸರು ಕೊಡಲು ಕಡೆಯ ದಿನ ರವಿವಾರ.

ರವಿವಾರ ನಾನೂ ಶ್ರೀಪಾಲನೂ ನೋಡಲು ಹೋದೆವು. ನಾಲ್ಕು ಸರಾಗ ಆದವು. ಐದನೆಯದಕ್ಕೆ ಹಣೆ ಕಂಬಿಯ ಮಟ್ಟಕ್ಕೆ ಬಂದು ನಿಂತಿತು. ಹಿಂದೆ ನಿಂತಿದ್ದ ಶ್ರೀಪಾಲ ತಡೆಯಲಾರದೆ ಅವಳ ಹಿಮ್ಮಡಿಗೆ ಎರಡು ಬೆರಳು ಕೊಟ್ಟ. ಗದ್ದ ದಾಟಿತು. ಮುಂದಿದ್ದ ವೃಷಾಲಿಗೆ ಅದು ಕಾಣಲಿಲ್ಲ. "ಐದು" ಎಂದು ಪೆನ್ನು ತೆಗೆದಳು.

ಬ್ರಾಹ್ಮಿ ಇಳಿದು ಅಂಗೈ ಒರೆಸಿಕೊಂಡಳು. "ಬರೀಬ್ಯಾಡ್ರಿ ಮ್ಯಾಡಮ್. ಕಾಕಾ ಹಿಮ್ಮಡಿ ಮುಟ್ಟಿದ್ರು."

"ಎರಡ ಬಟ್ಟ ಅಷ್ಟ, ಅದೇನ ದೊಡ್ಡದವಾ?" ಎಂದ ಶ್ರೀಪಾಲ. "ಇದರ ಸಲುವಾಗಿ ಬರೂ ವರ್ಷದ ತನಕಾ ಕಾಯ್ತಿಯೇನ?"

ವೃಷಾಲಿ ಪೆನ್ನು ಹಿಡಿದೇ ಇದ್ದಳು. "ಪಟ್ಟಿ ಹಚ್ಚಿಕೊಂಡು ಆಡೂ ವಿಭಾಗನೂ ಐತಿ. ಅದರಾಗರ ಹೆಸರ ಬರೀಲೇನ?"

"ಬ್ಯಾಡ್ರಿ. ಪಟ್ಟೀನೂ ಬ್ಯಾಡ, ಕಾಕಾನ ಬಟ್ಟೂ ಬ್ಯಾಡ. ನಾಲ್ಕು ನನ್ನವು, ಐದನೇದು ನಂದಲ್ಲ. ಅದು ನಂದ ಆಗೂ ತನಕಾ ನನ್ನ ಕಾಲ ಯಾರೂ ಮುಟ್ಟಬ್ಯಾಡ್ರಿ."