ಲೊರೇನ್ ಹಿತ್ತಿಲಿನ ಹರಕಿವಿ

ನಮ್ಮ ಎದುರು ಮನೆಯ ಲೊರೇನ್ ಪಿಕೆಟ್ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸದಿಂದ ನಿವೃತ್ತಳಾದವಳು. ದಾಟಿಸುವ ಚಟ ಮಾತ್ರ ಬಿಟ್ಟಿರಲಿಲ್ಲ. ಜಿಂಕೆ ಕಂಡರೂ ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ಕಾರು ನಿಲ್ಲಿಸುತ್ತಿದ್ದಳು.

ಊರಿಗೆಲ್ಲ ಜಿಂಕೆಗಳದೇ ತಲೆನೋವು. ಅವಳ ಪಕ್ಕದ ಮನೆಯ ವಾರನ್ ಡ್ರಿಸ್ಕಲ್ ಊರ ಸಭೆಯಲ್ಲಿ ಎದ್ದು, "ನನ್ನ ಟ್ಯೂಲಿಪ್ ಒಂದೂ ಉಳಿದಿಲ್ಲ. ಬಿಲ್ಲು ಬೇಟೆಗಾರರನ್ನ ಕರೆಸಿ" ಅಂದ.

"ನಿನ್ನ ಹೂವಿಗೋಸ್ಕರ ಬಸುರಿ ಜಿಂಕೆ ಕೊಲ್ಲಿಸ್ತೀಯಾ? ನಾಚಿಕೆ ಆಗಲ್ವಾ?" ಎಂದು ಲೊರೇನ್ ಹರಿಹಾಯ್ದಳು. "ಬಸುರಾಗದ ಹಾಗೆ ಮದ್ದು ಚುಚ್ಚಿಸಿದ್ರಾಯ್ತು."

"ಜಿಂಕೆಗೆ ಕುಟುಂಬ ಯೋಜನೆ! ಸಾಲಾಗಿ ಬಂದು ನಿಂತ್ಕೊಳ್ತಾವಾ?" ಎಂದು ವಾರನ್ ಅಣಕಿಸಿದ.

ಎಲ್ಲರೂ ನಕ್ಕರು. ಆದರೂ ಮದ್ದೇ ಗೆದ್ದಿತು, ಒಂದು ಷರತ್ತಿನ ಮೇಲೆ: ಚಳಿಗಾಲ ಮುಗಿಯುವುದರೊಳಗೆ ಹೆಣ್ಣು ಜಿಂಕೆಗಳಿಗೆಲ್ಲ ಮದ್ದು ತಾಕದಿದ್ದರೆ ಬೇಟೆಗಾರರು ಬರುತ್ತಾರೆ.

ಮದ್ದಿನ ಸೂಜಿಯನ್ನು ಬಂದೂಕಿನಿಂದ ಹಾರಿಸಬೇಕು. ಪಶುವೈದ್ಯ ಊರೆಲ್ಲ ಅಲೆದ. ಕೊನೆಗೆ ಒಂದೇ ಹೆಣ್ಣು ಉಳಿಯಿತು, ಕಿವಿ ಹರಿದದ್ದು. ಅದು ಎಲ್ಲಿಗೆ ಬರುತ್ತದೆಂದು ಲೊರೇನ್‌ಗೆ ಚೆನ್ನಾಗಿ ಗೊತ್ತಿತ್ತು. ಜಿಂಕೆಗೆ ತಿನ್ನಿಸಬಾರದೆಂಬ ಕಾನೂನಿದ್ದರೂ, ಹರಕಿವಿ ಅಂತ ಹೆಸರಿಟ್ಟು ಹಿತ್ತಿಲಲ್ಲಿ ವರ್ಷಗಳಿಂದ ಸೇಬು ಹೆಚ್ಚಿ ಹಾಕುತ್ತಿದ್ದವಳು ಅವಳೇ. ಸಭೆಯಲ್ಲಿ ಒಂದು, ಹಿತ್ತಿಲಲ್ಲಿ ಒಂದು, ನಮ್ಮೂರಿನವರೆಲ್ಲ ಹೀಗೇ.

ಹರಕಿವಿಯ ಜೀವ ಉಳಿಸಲು ಬೇರೆ ದಾರಿ ಕಾಣದೆ ಬಾಯಿಬಿಟ್ಟಳು. ವೈದ್ಯ ಅವಳ ಅಡುಗೆಮನೆ ಕಿಟಕಿಯಲ್ಲಿ ಬಂದೂಕು ಹಿಡಿದು ಕೂತ. ಲೊರೇನ್ ಮೆಟ್ಟಿಲ ಮೇಲೆ ನಿಂತು ಸೇಬು ಎಸೆದು, "ಬಾರೇ ಕಂದಾ" ಎಂದಳು. ಅದು ಎಂದಿನಂತೆ ಬಂತು. ಸೂಜಿ ತೊಡೆಗೆ ನಾಟಿತು. ಓಡುವ ಮೊದಲು ಅದು ಅವಳ ಮುಖವನ್ನೇ ನೋಡಿತಂತೆ. ನನಗೆ ಹೇಳುವಾಗ ಅವಳು ಅತ್ತಳು.

ಬೇಟೆಗಾರರು ಬರಲಿಲ್ಲ. ಹರಕಿವಿಯೂ ಬರಲಿಲ್ಲ. ಹಾಕಿದ ಸೇಬು ಹಿತ್ತಿಲಲ್ಲೇ ಕೊಳೆಯಿತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಾನು ಅವಳ ಹಿತ್ತಿಲಲ್ಲಿ ಕಾಫಿ ಕುಡಿಯುತ್ತಿದ್ದೆ. ವಾರನ್ ಬೇಲಿಯಾಚೆಯಿಂದ ಕೂಗಿದ: "ನಿನ್ನ ಹರಕಿವಿ ನಮ್ಮ ಮನೇಲಿ ಠಿಕಾಣಿ ಹೂಡಿದೆ ಕಣೇ! ಟ್ಯೂಲಿಪ್ಪೆಲ್ಲ ಖಾಲಿ." ಆಮೇಲೆ ಬೇಲಿಗೆ ಒರಗಿ ದನಿ ತಗ್ಗಿಸಿದ: "ಸೇಬು ಹೇಗೆ ಕೊಡ್ಬೇಕು? ಇಡಿಯಾಗಿ ಹಾಕಿದ್ರೆ ಮೂಸಿ ಬಿಟ್ಟು ಹೋಗತ್ತೆ."

ಲೊರೇನ್ ಕಾಫಿ ಲೋಟ ಕೆಳಗಿಟ್ಟಳು.

"ಬೀಜ ತೆಗೆದು ಸಣ್ಣಗೆ ಹೆಚ್ಚು. ಹಾಕಿ ದೂರ ನಿಂತ್ಕೋ" ಎಂದು ಎದ್ದಳು. ತನ್ನನ್ನು ಕಂಡು ಅದು ಅಲ್ಲಿಂದಲೂ ಓಡದಿರಲೆಂದು, ಒಳಗೆ ಹೋಗಿ ಅಡುಗೆಮನೆ ಕಿಟಕಿಯ ಪರದೆ ಎಳೆದುಕೊಂಡಳು.